ಜೆಫರ್ಸನ್‌ನನ್ನು ಯೇಸುವಿಗೆ ಯಾಕೆ ಹೋಲಿಸುತ್ತಾರೆ?

ಓದುಗರ ಪ್ರಶ್ನೆ: ಅರ್ನೆಸ್ಟ್ ಗೇನ್ಸ್ ಅವರ ‘ಎ ಲೆಸನ್ ಬಿಫೋರ್ ಡೈಯಿಂಗ್’ ಓದಿದೆ. ಜೆಫರ್ಸನ್ ಅಂದರೆ ಯೇಸುವಿನ ಪ್ರತಿರೂಪ ಅಂತ ತುಂಬಾ ಜನ ಬರೆಯುತ್ತಾರೆ. ಅವನಿಗೆ ದೇವರ ಮೇಲೆ ಅಂಥ ನಂಬಿಕೆಯೂ ಕಾಣಲಿಲ್ಲ. ಹೋಲಿಕೆ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?

ಹೋಲಿಕೆ ಕಾದಂಬರಿಯೊಳಗೇ ಇದೆ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಅದಕ್ಕಿಂತ ದೊಡ್ಡದೊಂದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಓದದವರಿಗಾಗಿ ಕತೆ ಚುಟುಕಾಗಿ ಹೇಳುತ್ತೇನೆ. 1940ರ ದಶಕ, ಅಮೆರಿಕದ ಲೂಯಿಸಿಯಾನ ರಾಜ್ಯ. 21 ವರ್ಷದ ಕಪ್ಪು ಹುಡುಗ ಜೆಫರ್ಸನ್ ಇಬ್ಬರ ಜೊತೆ ಒಂದು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಗುಂಡು ಹಾರುತ್ತದೆ. ಬಿಳಿಯ ಅಂಗಡಿಯವನೂ ಸಾಯುತ್ತಾನೆ, ಜೊತೆಗಿದ್ದವರೂ ಸಾಯುತ್ತಾರೆ. ಉಳಿಯುವವನು ಇವನೊಬ್ಬ. ಬರೀ ಬಿಳಿಯರೇ ಇದ್ದ ಜ್ಯೂರಿ ಇವನೇ ಅಪರಾಧಿ ಅನ್ನುತ್ತದೆ, ಮರಣದಂಡನೆ ಆಗುತ್ತದೆ. ಇವನನ್ನು ಉಳಿಸಬೇಕಾದ ವಕೀಲನೇ ಕೋರ್ಟಿನಲ್ಲಿ ನಿಂತು, ಇವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸುವುದೂ ಒಂದೇ, ಹಂದಿಯನ್ನು ಕೂರಿಸುವುದೂ ಒಂದೇ ಎಂದು ವಾದಿಸುತ್ತಾನೆ. ಹುಡುಗನನ್ನು ಸಾಕಿದ ಎಮ್ಮಾಗೆ ಈ ಮಾತು ತಡೆದುಕೊಳ್ಳಲು ಆಗುವುದಿಲ್ಲ. ಶಿಕ್ಷೆ ತಪ್ಪುವುದಿಲ್ಲ ಅಂತ ಆಕೆಗೆ ಗೊತ್ತು. ಸಾಯುವಾಗ ಅವನು ಮನುಷ್ಯನಾಗಿ ಸಾಯಲಿ ಅನ್ನುವುದಷ್ಟೇ ಆಕೆಯ ಹಟ. ಆ ಕೆಲಸ ಊರಿನ ಮೇಷ್ಟ್ರು ಗ್ರ್ಯಾಂಟ್ ತಲೆಗೆ ಬರುತ್ತದೆ. ಅವನಿಗೋ ಚರ್ಚು, ಪ್ರಾರ್ಥನೆ ಯಾವುದೂ ಬೇಡ.

ಈಗ ಹೋಲಿಕೆಗೆ ಬರೋಣ. ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕೊಲ್ಲಬಾರದು ಅಂತ ಮರಣದಂಡನೆಯ ದಿನವನ್ನು ಈಸ್ಟರ್ ಆದ ಮೇಲಿನ ಎರಡನೇ ಶುಕ್ರವಾರಕ್ಕೆ ಇಡುತ್ತಾರೆ. ಹೊತ್ತು, ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ. ಯೇಸುವನ್ನು ಕೊಂದದ್ದೂ ಶುಕ್ರವಾರವೇ, ಅದೇ ಹೊತ್ತಿನಲ್ಲಿ. ಹೋಲಿಕೆಗಾಗಿ ಲೇಖಕರು ಸುಮ್ನೆ ಜೋಡಿಸಿದ್ದು ಅಂದುಕೊಳ್ಳಬೇಡಿ. ಅದೇ ಲೂಯಿಸಿಯಾನದ ಸೇಂಟ್ ಮಾರ್ಟಿನ್‌ವಿಲ್‌ನಲ್ಲಿ ವಿಲ್ಲಿ ಫ್ರಾನ್ಸಿಸ್ ಎಂಬ ಕಪ್ಪು ಹುಡುಗನನ್ನು 1946ರ ಮೇ 3ರಂದು ಕುರ್ಚಿಯಲ್ಲಿ ಕೂರಿಸಿದರು. ಯಂತ್ರ ಕೆಟ್ಟು ಅವನು ಬದುಕಿಕೊಂಡ. ಮರುವರ್ಷ ಮೇ 9ರಂದು ಮತ್ತೆ ಕೂರಿಸಿ ಕೊಂದರು. ಎರಡು ದಿನವೂ ಶುಕ್ರವಾರವೇ. ವಾರಾವಾರ ಚರ್ಚಿಗೆ ಹೋಗಿ ಶಿಲುಬೆಯ ಮುಂದೆ ಕೂರುವವರೇ ಶುಕ್ರವಾರ ನೋಡಿ ಕೊಲ್ಲುತ್ತಿದ್ದರು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಜೆಫರ್ಸನ್‌ಗೂ ಇದು ಹೊಳೆಯುತ್ತದೆ. ಯೇಸು ಒಂದು ಮಾತೂ ಆಡದೆ ಹೋದನಲ್ಲ, ನಾನೂ ಹಾಗೇ ಹೋಗಬೇಕು ಅನ್ನುತ್ತಾನೆ. ಆದರೆ ಶಿಲುಬೆ ಹೊರಲು ಅವನು ತಾನಾಗಿ ಮುಂದೆ ಬಂದವನಲ್ಲ. ನನ್ನ ಶಿಲುಬೆಯನ್ನು ಯಾವತ್ತಾದರೂ ಯಾರಾದರೂ ಹೊತ್ತಿದ್ದಾರಾ ಅಂತ ಮೇಷ್ಟ್ರನ್ನೇ ಕೇಳುತ್ತಾನೆ. ನಿಮಗೆ ಬಂದ ಅನುಮಾನ ಅವನದ್ದೂ ಹೌದು.

ಇನ್ನು ಆ ದೊಡ್ಡದು ಅಂದೆನಲ್ಲ, ಅದು ಮಂಡಿಯಲ್ಲಿದೆ. ಮೊದಮೊದಲು ಗ್ರ್ಯಾಂಟ್ ಜೈಲಿಗೆ ಹೋದಾಗ ಜೆಫರ್ಸನ್ ನೆಲಕ್ಕೆ ಮಂಡಿಯೂರಿ, ಕೈ ಮುಟ್ಟಿಸದೆ, ಎಮ್ಮಾ ಕಳಿಸಿದ ಊಟದ ಚೀಲದೊಳಗೆ ಮುಖ ಹಾಕಿ ತಿನ್ನುತ್ತಾನೆ. ಹಂದಿ ಅಂದಿರಲ್ಲ, ನೋಡಿಕೊಳ್ಳಿ ಅನ್ನುವ ಹಾಗೆ. ಅತ್ತ ಪಾದ್ರಿ ಆಂಬ್ರೋಸ್‌ಗೆ ಈ ಹುಡುಗ ಸಾಯುವ ಮುಂಚೆ ದೇವರ ಮುಂದೆ ಮಂಡಿಯೂರಬೇಕು. ಗ್ರ್ಯಾಂಟ್ ಮಾತ್ರ, ಪಾದ್ರಿ ಹೇಳಿದ್ದನ್ನು ಕೇಳು ಅಂತ ಬೇಕಾದರೆ ಹೇಳುತ್ತೇನೆ, ಮಂಡಿಯೂರು ಅಂತ ಹೇಳಲಾರೆ ಅನ್ನುತ್ತಾನೆ. ನನಗೆ ಇಡೀ ಕಾದಂಬರಿಯ ಜಗಳ ಇದೇ ಅನ್ನಿಸುತ್ತದೆ: ಮನುಷ್ಯ ಯಾರ ಮುಂದೆ ಬಾಗಬೇಕು, ಯಾರ ಮುಂದೆ ನೆಟ್ಟಗೆ ನಿಲ್ಲಬೇಕು? ಗೇನ್ಸ್ ಯಾರನ್ನೂ ಪೂರ್ತಿ ಗೆಲ್ಲಿಸುವುದಿಲ್ಲ. ಕೊನೆಯ ದಿನ ಹನ್ನೆರಡು ಗಂಟೆಗೆ ಗ್ರ್ಯಾಂಟ್ ತನ್ನ ಶಾಲೆಯ ಮಕ್ಕಳನ್ನೆಲ್ಲ ಮಂಡಿಯೂರಿಸುತ್ತಾನೆ. ತಾನು ಮಾತ್ರ ಹೊರಗೆ ಬಂದು ಅಡ್ಡಾಡುತ್ತಾನೆ. ನಾನ್ಯಾಕೆ ಅಲ್ಲಿ ಜೆಫರ್ಸನ್ ಪಕ್ಕದಲ್ಲಿಲ್ಲ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ.

ಗೇನ್ಸ್ 1933ರಲ್ಲಿ ಲೂಯಿಸಿಯಾನದ ಒಂದು ತೋಟದಲ್ಲೇ ಹುಟ್ಟಿದವರು. ಅವರನ್ನು ಸಾಕಿದ ಹಿರಿಯಳ ಹೆಸರು ಅಗಸ್ಟೀನ್ ಜೆಫರ್ಸನ್. ಹೌದು, ಅದೇ ಜೆಫರ್ಸನ್. ಆಕೆಗೆ ಜೀವನದಲ್ಲಿ ಒಂದು ದಿನವೂ ನಡೆಯಲು ಆಗಿರಲಿಲ್ಲ. ನೆಲದ ಮೇಲೆ ತೆವಳಿಕೊಂಡೇ ಅಡುಗೆ ಮಾಡಿ ಮಕ್ಕಳನ್ನು ಬೆಳೆಸಿದರು. ನಿಲ್ಲುವುದು ಎಷ್ಟು ದೊಡ್ಡದು ಅಂತ ಕಲಿಸಿದ್ದು ಆಕೆಯೇ ಎಂದು ಗೇನ್ಸ್ ಇನ್ನೊಂದು ಕಾದಂಬರಿಯ ಅರ್ಪಣೆಯಲ್ಲಿ ಬರೆದಿದ್ದಾರೆ.

ಇಷ್ಟು ಗೊತ್ತಿಟ್ಟುಕೊಂಡು ಕೊನೆಯ ಪುಟಗಳನ್ನು ಇನ್ನೊಮ್ಮೆ ಓದಿ. ಎಲ್ಲ ಮುಗಿದ ಮೇಲೆ ಪಾಲ್ ಎಂಬ ಬಿಳಿಯ ಪೊಲೀಸಿನವನು ಜೆಫರ್ಸನ್ ಬರೆದಿಟ್ಟ ನೋಟ್‌ಬುಕ್ ಹಿಡಿದು ಶಾಲೆಗೆ ಬರುತ್ತಾನೆ. ಕುರ್ಚಿಯಿದ್ದ ಆ ಕೋಣೆಯಲ್ಲಿ ಇದ್ದವರಲ್ಲೆಲ್ಲ ಗಟ್ಟಿ ಮನುಷ್ಯ ಜೆಫರ್ಸನ್ನೇ ಅನ್ನುತ್ತಾನೆ. ಜೆಫರ್ಸನ್ ಎಮ್ಮಾಗೆ ಹೇಳಿಕಳಿಸಿದ್ದೂ ಪಾಲ್ ಬಾಯಲ್ಲೇ ಬರುತ್ತದೆ: ನಾನು ನಡೆದುಕೊಂಡೇ ಹೋದೆ ಅಂತ ಹೇಳಿ.