ಕ್ಯಾಲೆಂಡರಲ್ಲಿದ್ದ ಬಿಲ್ಲು

ನಾನು ಓದಿದ್ದು, ಈಗ ಪಾಠ ಮಾಡ್ತಿರೋದು ಹೆಲ್ತ್ ಎಕನಾಮಿಕ್ಸ್, ಅಂದ್ರೆ ಚಿಕಿತ್ಸೆಗೆ ಯಾರ ದುಡ್ಡು ಹೆಂಗೆ ಖರ್ಚಾಗತ್ತೆ ಅನ್ನೋ ಲೆಕ್ಕ. ಕುಮಟಾ ಕಡೆ ನಮ್ಮೂರಲ್ಲಿ ಹಿಂಗಂದ್ರೆ "ಹಂಗಾರೆ ಬಿಪಿ ನೋಡ್ತ್ಯಾ?" ಅಂತಾರೆ.

ನಮ್ಮ ಸಬ್ಜೆಕ್ಟಿನೋರು ಯಾರೂ ತಪ್ಪಿಸ್ಕೊಳ್ಳೋಕಾಗದ ಪಾಠ ಅಮೆರಿಕದ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯ ಪ್ರಯೋಗ. 1974ರಿಂದ 1982ರವರೆಗೆ ಅರ್ಥಶಾಸ್ತ್ರಜ್ಞ ಜೋಸೆಫ್ ನ್ಯೂಹೌಸ್ ತಂಡ 2,000ಕ್ಕೂ ಹೆಚ್ಚು ಕುಟುಂಬಕ್ಕೆ ಬೇರೆ ಬೇರೆ ಥರದ ವಿಮೆ ಕೊಟ್ಟು, ಕೆಲವ್ರಿಗೆ ಪೂರ್ತಿ ಫ್ರೀ, ಕೆಲವ್ರಿಗೆ ಒಂದು ಮಿತಿವರೆಗೆ ಬಿಲ್ಲಿನ 95% ಕೈಯಿಂದ, ಯಾರು ಎಷ್ಟು ಸಲ ಡಾಕ್ಟ್ರ ಹತ್ರ ಹೋದ್ರು ಅಂತ ಲೆಕ್ಕ ಇಟ್ರು. ಕೈಯಿಂದ ಕೊಡೋರು ಕಡಿಮೆ ಹೋದ್ರು, ಇದು ಯಾರಾದ್ರೂ ಹೇಳಬಹುದಿತ್ತು ಬಿಡಿ, ಆದ್ರೆ ಬೇಡದ ಚಿಕಿತ್ಸೆ ಜೊತೆ ಬೇಕಾಗಿದ್ದನ್ನೂ ಬಿಟ್ರು. ಬಡವರಲ್ಲಿ ಬಿಪಿ ಇದ್ದೋರಿಗೆ ಫ್ರೀ ಸಿಕ್ಕಾಗ ಬಿಪಿ ಹೆಚ್ಚು ಹತೋಟಿಗೆ ಬಂತು.

ಇದನ್ನ ತಲೇಲಿಟ್ಕೊಂಡೇ ತದಡಿ ಹತ್ರ ಸರ್ವೆಗೆ ಹೋಗಿದ್ದೆ. ಒಂದು ಮನೇಲಿ ಹಾರ್ಟ್ ಆಪರೇಷನ್ ಆಗಿತ್ತು, ಗಂಡ ಮೀನಿನ ಬೋಟಿಗೆ ಹೋಗೋರು. ಮನೆಯಾಕೆ ಹತ್ರ ಆಸ್ಪತ್ರೆ ಖರ್ಚೆಷ್ಟು ಅಂದೆ.

"ಒಂದ್ರೂಪಾಯ್ ತಕಂಡಿಲ್ಲ ತಂಗಿ, ಕಾರ್ಡಿತ್ತು."

ಸೊನ್ನೆ ಬರ್ಕೊಂಡೆ. ಚಾ ಕೊಡೋಕೆ ಅಡುಗೆಮನೆಗೆ ಕರೆದ್ರು, ಅಲ್ಲಿ ಗೋಡೆ ಕ್ಯಾಲೆಂಡರಿನ ತಾರೀಕು ಚೌಕದೊಳಗೆ ಪೆನ್ನಲ್ಲಿ ಸಣ್ಣಕೆ: ಕಾರು 4,500. ರೂಮು 600. ಮತ್ತೆ ಕಾರು 4,500. ಮಾತ್ರೆ 1,120. ನನ್ನ ಫಾರ್ಮಲ್ಲಿ ಇದ್ಯಾವುದಕ್ಕೂ ಕಾಲಂ ಇರ್ಲಿಲ್ಲ, ಫಾರ್ಮು ಮಾಡಿದ್ದೂ ನಾನೇ.

ಆಯುಷ್ಮಾನ್ ಕಾರ್ಡಿನ ವರ್ಷಕ್ಕೆ 5 ಲಕ್ಷ ಅನ್ನೋದು ಅಡ್ಮಿಟ್ ಆದ್ರೆ ಮಾತ್ರ, ಡಿಸ್ಚಾರ್ಜ್ ಆಗಿ 15 ದಿನದ ಔಷಧಿ ಅದ್ರಲ್ಲೇ ಬರತ್ತೆ, ಆಮೇಲಿನ ಮಾತ್ರೆ ನಮ್ಮದೇ. ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗೋ ಕಾರಿನ ಬಾಡಿಗೇನೂ ನಮ್ಮದೇ. ತಮಾಷೆ ಅಂದ್ರೆ, 2008ರ ಕೇಂದ್ರದ ಬಡವರ ವಿಮೆ ಯೋಜನೆ ಆರ್‌ಎಸ್‌ಬಿವೈಲಿ ಕವರ್ ಇದ್ದಿದ್ದು ಬರೀ 30,000, ಆದ್ರೂ ಅಡ್ಮಿಟ್ ಆದಾಗೆಲ್ಲ ಓಡಾಟಕ್ಕೆ ಅಂತ 100 ರೂಪಾಯಿ, ವರ್ಷಕ್ಕೆ 1,000ದವರೆಗೆ ಇಟ್ಟಿದ್ರು. ಪುಡಿಗಾಸೇ, ಆದ್ರೆ ಆಸ್ಪತ್ರೆ ದೂರ ಇರತ್ತೆ ಅಂತ ಯಾರಿಗೋ ಹೊಳೆದಿತ್ತಲ್ಲ! ನ್ಯೂಹೌಸ್ ಅಳೆದಿದ್ದು ಡಾಕ್ಟ್ರ ಬಿಲ್ಲು, ನಮ್ಮ ಜಿಲ್ಲೇಲಿ ರೋಗಿ ಕೈಯಿಂದ ಕೊಡೋ ಪಾಲು ಅಂದ್ರೆ ಕಾರಿನ ಬಾಡಿಗೆ, ಅದು ಜಾಸ್ತಿ ಆದಷ್ಟೂ ಜನ ಬೇಕಾದ ಚೆಕಪ್ಪನ್ನೂ ಬಿಡ್ತಾರೆ.

ಅವ್ರ ಕ್ಯಾಲೆಂಡರಲ್ಲಿ ಜೂನ್ 14ಕ್ಕೆ ಚೆಕಪ್ ಅಂತ ಬರೆದು ಗೆರೆ ಎಳೆದಿತ್ತು. ಯಾಕೆ ಹೋಗ್ಲಿಲ್ಲ ಅಂತ ಕೇಳಿದ್ದಕ್ಕೆ, "ಮಳೆಗಾಲ, ಬೋಟ್ ಬಂದ್ ಅಲ್ವಾ, ಆಗಸ್ಟಿಗೆ ನೋಡ್ವ" ಅಂದ್ರು.