ಪ್ರಭೇದ ನಿರ್ಣಯ: ಸಿಕ್ಕ ಮೂಳೆ ಮನುಷ್ಯನದೋ, ಪ್ರಾಣಿಯದೋ?

ಮನೆಗೆ ಪಾಯ ತೋಡುವಾಗ, ಕೆರೆಯ ಹೂಳೆತ್ತುವಾಗ, ತೋಟಕ್ಕೆ ಪೈಪ್ ಎಳೆಯುವಾಗ ಜೆಸಿಬಿಯ ಬಕೆಟ್ಟಿನಲ್ಲಿ ಒಂದು ಮೂಳೆ ಮೇಲೆ ಬರುತ್ತದೆ. ಕೆಲಸ ನಿಲ್ಲುತ್ತದೆ, ಜನ ಸೇರುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತು ‘ಯಾರನ್ನೋ ಕೊಂದು ಹೂತಿದ್ದಾರೆ’ ಎಂಬಲ್ಲಿಗೆ ಮುಟ್ಟಿರುತ್ತದೆ. ಪೊಲೀಸರೂ ವಿಧಿವೈದ್ಯರೂ ಬಂದಾಗ ಮೊದಲು ಬಗೆಹರಿಸಬೇಕಾದದ್ದು ಇದು ಯಾವ ಜೀವಿಯ ಮೂಳೆ ಎಂಬ ಪ್ರಶ್ನೆಯನ್ನು. ಇದನ್ನೇ ವಿಧಿವಿಜ್ಞಾನದಲ್ಲಿ ಪ್ರಭೇದ ನಿರ್ಣಯ ಎನ್ನುತ್ತಾರೆ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರವೆಷ್ಟು, ಕನಿಷ್ಠ ಎಷ್ಟು ಮಂದಿಯ ಮೂಳೆಗಳಿವು, ಸತ್ತು ಎಷ್ಟು ಕಾಲವಾಯಿತು, ಗಾಯದ ಗುರುತು ಇದೆಯೇ ಎಂಬ ಪ್ರಶ್ನೆಗಳೆಲ್ಲ ಇದಾದ ಮೇಲೆ. ಮೂಳೆ ಹಸುವಿನದು ಎಂದಾದರೆ ಅವು ಯಾವುವೂ ಏಳುವುದೇ ಇಲ್ಲ.

ಇದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಕೇಳಿದರೆ ನಗು ಬರಬಹುದು: ಇದು ಮೂಳೆಯೇ ಹೌದೇ? 2008ರಲ್ಲಿ ಬ್ರಿಟನ್ನಿನ ರಾಜಸತ್ತೆಗೆ ಅಧೀನವಾದ ಜರ್ಸಿ ದ್ವೀಪದಲ್ಲಿ, ಓ ದ ಲಾ ಗರೆನ್ ಎಂಬ ಹಳೆಯ ಅನಾಥಾಲಯದ ನೆಲ ಅಗೆಯುತ್ತಿದ್ದ ಪೊಲೀಸರು ಮಗುವಿನ ತಲೆಬುರುಡೆಯ ಚೂರು ಸಿಕ್ಕಿತೆಂದು ಪ್ರಕಟಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಅಲ್ಲಿಗೆ ಓಡಿದವು. ಪ್ರಯೋಗಾಲಯ ಪರೀಕ್ಷಿಸಿದಾಗ ಅದು ಮೂಳೆಯೇ ಅಲ್ಲ, ಮರದ ಚೂರೋ ತೆಂಗಿನ ಕರಟವೋ ಇರಬೇಕು ಎಂದು ಗೊತ್ತಾಯಿತು. ಆ ಅನಾಥಾಲಯದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದು ನಿಜ, ಅದು ನಂತರ ಸಾಬೀತೂ ಆಯಿತು. ಆದರೆ ಅಲ್ಲಿ ಕೊಲೆ ನಡೆದದ್ದಕ್ಕೆ ಪುರಾವೆ ಸಿಗಲಿಲ್ಲ. ತಿಪ್ಪೆಯಲ್ಲಿ, ತೋಟದ ಮಣ್ಣಿನಲ್ಲಿ ಕರಟ ಬಿದ್ದಿರದ ಊರೇ ಇಲ್ಲದ ನಮ್ಮ ಕಡೆ ಈ ಕತೆ ನೆನಪಿರಬೇಕು. ಬುರುಡೆಯ ಮೂಳೆಯನ್ನು ಅಡ್ಡಕ್ಕೆ ನೋಡಿದರೆ ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ನಡುವೆ ತೂತುತೂತಾದ ಮೆತ್ತನೆಯ ಭಾಗ ಕಾಣುತ್ತದೆ. ಒಳಮೈಯಲ್ಲಿ ರಕ್ತನಾಳಗಳು ಹರಿದ ಗೀರುಗಳಿರುತ್ತವೆ. ಕರಟದಲ್ಲಿ ಇದೊಂದೂ ಇಲ್ಲ. ಆಮೆಯ ಚಿಪ್ಪಿನ ಚೂರು ಮಾತ್ರ ಬುರುಡೆಯ ಹಾಗೇ ಕಂಡು ನುರಿತವರನ್ನೂ ಒಂದು ಕ್ಷಣ ಯೋಚನೆಗೆ ಹಚ್ಚುತ್ತದೆ.

ಮೂಳೆಯೇ ಹೌದು ಎಂದ ಮೇಲೆ ಬಹಳ ಜನ ಗಾತ್ರ ನೋಡಿ ತೀರ್ಪು ಕೊಡುತ್ತಾರೆ. ಉದ್ದ ಇದ್ದರೆ ಮನುಷ್ಯನ ಕಾಲು, ಚಿಕ್ಕದಿದ್ದರೆ ಮಗುವಿನದು. ಗಾತ್ರದಷ್ಟು ಮೋಸ ಮಾಡುವ ಲಕ್ಷಣ ಇನ್ನೊಂದಿಲ್ಲ. ಕರುವಿನ ಮೂಳೆ, ದೊಡ್ಡ ಹಂದಿಯ ಮೂಳೆ, ಜಿಂಕೆಯ ಮೂಳೆ ಎಲ್ಲವೂ ಉದ್ದದಲ್ಲಿ ಮನುಷ್ಯನ ಮೂಳೆಗೆ ಹತ್ತಿರ ಬರುತ್ತವೆ. ನೋಡಬೇಕಾದದ್ದು ಮೂಳೆಯ ತುದಿಗಳನ್ನು, ಅಂದರೆ ಕೀಲು ಕೂಡುವ ಜಾಗವನ್ನು. ಆ ಜೀವಿ ಹೇಗೆ ನಿಲ್ಲುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂಬುದು ಅಲ್ಲೇ ಕೆತ್ತಿರುತ್ತದೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು, ಕೈಗಳನ್ನು ಭಾರದಿಂದ ಬಿಡಿಸಿಕೊಂಡ ಪ್ರಾಣಿ ಮನುಷ್ಯನೊಬ್ಬನೇ. ಪ್ರಭೇದ ನಿರ್ಣಯದಲ್ಲಿ ಬರಿಗಣ್ಣಿನಿಂದ ಹೇಳುವುದರ ಬಹುಪಾಲು ಈ ಒಂದು ವ್ಯತ್ಯಾಸದ ಮೇಲೇ ನಿಂತಿದೆ.

ಮಟನ್ ಅಂಗಡಿಯಲ್ಲಿ ‘ತಲೆ ಕಾಲು’ ಕೊಂಡು ಸೂಪು ಮಾಡಿದವರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತು. ಆಡು, ಕುರಿ, ದನಗಳ ಗೊರಸಿನ ಮೇಲೆ ಒಂದೇ ಉದ್ದನೆಯ ಮೂಳೆ ಇರುತ್ತದೆ. ಅದು ನಮ್ಮ ಅಂಗೈಯಲ್ಲಿ, ಅಂಗಾಲಿನಲ್ಲಿ ಬೇರೆಬೇರೆಯಾಗಿರುವ ಮೂಳೆಗಳ ಪೈಕಿ ಎರಡು ಬೆಸೆದು ಒಂದಾದದ್ದು. ಬೆಸುಗೆಯ ಗುರುತಾಗಿ ಮುಂಭಾಗದಲ್ಲಿ ಉದ್ದಕ್ಕೂ ಸಣ್ಣ ಗೀರು ಇರುತ್ತದೆ, ಕೆಳತುದಿಯಲ್ಲಿ ಎರಡು ಗೊರಸಿಗೆ ಎರಡು ರಾಟೆಯಾಕಾರದ ಉಬ್ಬುಗಳು. ಮನುಷ್ಯನ ದೇಹದಲ್ಲಿ ಇಂಥ ಮೂಳೆ ಎಲ್ಲೂ ಇಲ್ಲ. ಅಷ್ಟಾದರೂ ‘ಕೈ ಮೂಳೆ ಸಿಕ್ಕಿದೆ’ ಎಂದು ಠಾಣೆಗೆ ಬರುವುದು ಹೆಚ್ಚಾಗಿ ಇಂಥವೇ.

ಮುಂಗೈಯದೂ ಇದೇ ಕತೆ. ನಮಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ. ಒಂದು ಇನ್ನೊಂದರ ಮೇಲೆ ಉರುಳುವುದರಿಂದಲೇ ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಲು ಆಗುತ್ತದೆ. ಉರುಳುವ ಮೂಳೆಯ ಮೇಲ್ತುದಿ ಅದಕ್ಕೆಂದೇ ದುಂಡಗಿದೆ. ದನ, ಕುದುರೆಗಳಿಗೆ ಆ ತಿರುಗುವಿಕೆ ಬೇಡ, ಬೇಕಾದದ್ದು ಮೈಭಾರ ಹೊರುವ ಕಂಬ. ಅಲ್ಲಿ ಎರಡೂ ಕೂಡಿಕೊಂಡಿವೆ. ಗೊರಸಿನ ಪ್ರಾಣಿಗಳ ಕೀಲುಗಳಲ್ಲಿ ಏಣು, ತಗ್ಗುಗಳು ಆಳವಾಗಿರುತ್ತವೆ. ಓಡುವಾಗ ಕಾಲು ಹಿಂದಕ್ಕೂ ಮುಂದಕ್ಕೂ ಮಾತ್ರ ಆಡಬೇಕು, ಪಕ್ಕಕ್ಕೆ ಜಾರಬಾರದು. ಮನುಷ್ಯನ ಕೀಲುಗಳು ಇದಕ್ಕೆ ಹೋಲಿಸಿದರೆ ಸಪಾಟು.

ತೊಡೆಮೂಳೆ ಇನ್ನೂ ಸ್ಪಷ್ಟ ಸಾಕ್ಷಿ. ಮನುಷ್ಯನದಾದರೆ ಮೇಲೆ ಉದ್ದನೆಯ ಕತ್ತು, ಅದರ ಕೊನೆಗೆ ದುಂಡನೆಯ ದೊಡ್ಡ ತಲೆ. ಹಿಂಬದಿಯಲ್ಲಿ ಸ್ನಾಯು ಅಂಟುವ ಒರಟು ಏಣು. ಕೆಳಗಿನ ಎರಡು ಗುಬುಟುಗಳೂ ಮೇಜಿಗೆ ತಾಕುವಂತೆ ನಿಲ್ಲಿಸಿದರೆ ಮೂಳೆ ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ. ಸೊಂಟ ಅಗಲ, ಮೊಣಕಾಲುಗಳು ಮಾತ್ರ ಮೈಯ ನಡುಗೆರೆಗೆ ಹತ್ತಿರ. ಒಂದು ಕಾಲೆತ್ತಿದಾಗ ಬೀಳದಿರಲು ಈ ಓರೆ ಬೇಕು. ಸೊಂಟದ ಮೂಳೆಯೂ ಹಾಗೇ: ಹೊಟ್ಟೆಯ ಭಾರ ಹೊರುವ ನಮ್ಮದು ಗಿಡ್ಡ, ಅಗಲ, ನಾಲ್ಕು ಕಾಲಿನವುಗಳದು ಉದ್ದ, ಕಿರಿದು. ಬೆನ್ನಿನ ಮಣಿಗಳಲ್ಲಿ ನಮ್ಮವು ಕೆಳಕ್ಕೆ ಹೋದಂತೆ ದಪ್ಪವಾಗುತ್ತವೆ. ದನದ ಹೆಗಲ ಭಾಗದ ಮಣಿಗಳಿಗೆ ಗೇಣುದ್ದದ ಮುಳ್ಳುಗಳಿರುತ್ತವೆ. ಅವನ್ನು ಕಂಡು ಪಕ್ಕೆಲುಬು ಎಂದುಕೊಳ್ಳುವವರೂ ಉಂಟು.

ತಲೆಬುರುಡೆ ಇಡಿಯಾಗಿ ಸಿಕ್ಕರೆ ಯಾರಿಗೂ ಅನುಮಾನ ಬರುವುದಿಲ್ಲ. ಮಿದುಳಿನ ಗೂಡು ದೊಡ್ಡದು, ಮುಖ ಅದರ ಕೆಳಗೆ ಸೇರಿಕೊಂಡಿದೆ, ಬೆನ್ನುಹುರಿ ಹೊರಬರುವ ತೂತು ಬುರುಡೆಯ ತಳದಲ್ಲಿದೆ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಆ ತೂತು ಹಿಂದಕ್ಕಿರುತ್ತದೆ. ಕೆಳದವಡೆ ಸಿಕ್ಕರೆ ಗಲ್ಲ, ಅಂದರೆ ಗದ್ದ, ನೋಡಬೇಕು: ಮುಂದಕ್ಕೆ ಚಾಚಿದ ಗಲ್ಲ ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಮನುಷ್ಯನಿಗೆ ಮಾತ್ರ.

ಒಡೆದ ನಳಿಗೆಮೂಳೆಯಾದರೆ ಗೋಡೆಯ ದಪ್ಪ ನೋಡುವ ಒಂದು ಅಂದಾಜು ಲೆಕ್ಕವಿದೆ. ಮನುಷ್ಯನಲ್ಲಿ ಗಟ್ಟಿ ಗೋಡೆ ಒಟ್ಟು ವ್ಯಾಸದ ಸುಮಾರು 1/4 ಭಾಗ, ದೊಡ್ಡ ಸಸ್ತನಿಗಳಲ್ಲಿ ಸುಮಾರು 1/3. ಕೋಳಿ, ನವಿಲಿನಂಥ ಹಕ್ಕಿಗಳದು ತೀರ ತೆಳು. ಇದು ಸುಳಿವು ಅಷ್ಟೇ. ಮುದುಕರ ಮೂಳೆ ಸವೆದು ತೆಳ್ಳಗಾಗಿರುತ್ತದೆ, ಲೆಕ್ಕ ತಪ್ಪುತ್ತದೆ. ಗರಗಸದಲ್ಲಿ ಅಡ್ಡಕ್ಕೆ ನೇರವಾಗಿ ಕೊಯ್ದ ಗುರುತಿದ್ದರೆ ಮಾಂಸದಂಗಡಿಯ ನೆನಪಾಗುವುದು ಸಹಜ, ಅದನ್ನೂ ಪೂರ್ತಿ ನಂಬುವಂತಿಲ್ಲ. ಶವವನ್ನು ತುಂಡು ಮಾಡಿದವರ ಪ್ರಕರಣಗಳಲ್ಲೂ ಅದೇ ಗುರುತು ಇರುತ್ತದೆ.

ಕಷ್ಟ ಶುರುವಾಗುವುದು ನಾಲ್ಕೈದು ಕಡೆ. ಮೊದಲನೆಯದು ಎಳೆ ಮಕ್ಕಳ ಮೂಳೆ. ದೊಡ್ಡವರಲ್ಲಿ 206 ಮೂಳೆಗಳಿದ್ದರೆ ಹುಟ್ಟಿದ ಮಗುವಿನಲ್ಲಿ ಇನ್ನೂ ಬೆಸೆಯದ ತುಂಡುಗಳು ಅದಕ್ಕಿಂತ ಬಹಳ ಹೆಚ್ಚು. ತುದಿಗಳು ಕೂಡಿಲ್ಲದ ಆ ಪುಟ್ಟ ಕಡ್ಡಿಗಳು ಕೋಳಿಯದೋ ಬೆಕ್ಕಿನದೋ ಎಂದು ಕಸಕ್ಕೆ ಹೋಗಿಬಿಡಬಹುದು. ಇಲ್ಲಿ ನೋಡುವುದು ಬೆಳವಣಿಗೆಯನ್ನು. ಮೂಳೆ ಚಿಕ್ಕದು, ಆದರೆ ಎರಡೂ ತುದಿ ಪೂರ್ತಿ ಬೆಸೆದು ಗಟ್ಟಿಯಾಗಿದೆ ಎಂದರೆ ಅದು ಬೆಳೆದು ಮುಗಿದ ಸಣ್ಣ ಪ್ರಾಣಿಯದು. ಚಿಕ್ಕದಿದ್ದು ತುದಿ ಒರಟಾಗಿ ಮುಗಿದಿದ್ದರೆ ಮಗುವಿನದಿರಬಹುದು, ಮರಿ ಪ್ರಾಣಿಯದೂ ಇರಬಹುದು. ಆಗ ಅನುಭವಿಗಳೇ ಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಗಳ ನವಶಿಲಾಯುಗದ ನೆಲೆಗಳಲ್ಲಿ ಎಳೆ ಕೂಸುಗಳನ್ನು ಮಡಕೆಯೊಳಗಿಟ್ಟು ಹೂಳುತ್ತಿದ್ದರು. ಅಂಥ ಮಡಕೆಯ ಮಣ್ಣನ್ನು ಜರಡಿ ಹಿಡಿಯದೆ ಸುರಿದರೆ ಏನು ಕಳೆದುಹೋಗುತ್ತದೆ ಎಂದು ಊಹಿಸಿ.

ಎರಡನೆಯದು ಕೋತಿ, ಮುಸುವ. ಇವುಗಳ ಹಲ್ಲಿನ ಲೆಕ್ಕವೂ ನಮ್ಮದೇ, 32. ದವಡೆ ಹಲ್ಲಿನ ಮೇಲಿನ ಜೋಡಿ ಏಣುಗಳನ್ನೂ ಗಂಡಿನ ಚೂಪು ಕೋರೆಯನ್ನೂ ನೋಡಿ ಬೇರೆ ಮಾಡಬೇಕು. ಮೂರನೆಯದು ಕರಡಿಯ ಪಂಜ. ತೊಗಲೂ ಉಗುರೂ ಹೋದ ಮೇಲೆ ಅದು ಮನುಷ್ಯನ ಅಂಗೈ, ಅಂಗಾಲನ್ನು ಬೆಚ್ಚಿಬೀಳಿಸುವಷ್ಟು ಹೋಲುತ್ತದೆ. ನಮ್ಮ ಪಾದದಲ್ಲಿ ಹೆಬ್ಬೆರಳೇ ದಪ್ಪ. ಕರಡಿಯಲ್ಲಿ ಆ ಕಡೆಯ ಬೆರಳೇ ಎಲ್ಲಕ್ಕಿಂತ ಚಿಕ್ಕದು.

ಇನ್ನು ಬಿಡಿ ಹಲ್ಲು. ಹಂದಿಯೂ ಮನುಷ್ಯನಂತೆ ಸಿಕ್ಕಿದ್ದೆಲ್ಲ ತಿನ್ನುವ ಪ್ರಾಣಿ, ಅದರ ದವಡೆ ಹಲ್ಲಿನ ಉಬ್ಬುಗಳೂ ನಮ್ಮವನ್ನು ಹೋಲುತ್ತವೆ, ಸವೆದ ಮೇಲಂತೂ ಇನ್ನಷ್ಟು. 1922ರಲ್ಲಿ ಅಮೆರಿಕದ ಹೆಸರಾಂತ ವಿಜ್ಞಾನಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್, ನೆಬ್ರಾಸ್ಕದಲ್ಲಿ ಸಿಕ್ಕ ಒಂದೇ ಒಂದು ಹಲ್ಲನ್ನು ನಂಬಿ ಅಮೆರಿಕದಲ್ಲೂ ಮನುಷ್ಯನನ್ನು ಹೋಲುವ ವಾನರವಿತ್ತು ಎಂದು ಅದಕ್ಕೆ ಹೊಸ ಹೆಸರನ್ನೇ ಕೊಟ್ಟರು. ಅದೇ ಜಾಗದಲ್ಲಿ ಮತ್ತೆ ಅಗೆದು ನೋಡಿದ ಮೇಲೆ, 1927ರಲ್ಲಿ, ಅದು ಹಂದಿಯ ಬಳಗದ ಪೆಕ್ಕರಿಯ ಹಲ್ಲು ಎಂದು ಒಪ್ಪಿಕೊಳ್ಳಬೇಕಾಯಿತು. ಬಿಡಿ ಹಲ್ಲಿನ ಫೋಟೋ ನೋಡಿ ತೀರ್ಮಾನ ಹೇಳುವವರನ್ನು ಕಂಡಾಗಲೆಲ್ಲ ನನಗೆ ಆಸ್ಬರ್ನ್ ನೆನಪಾಗುತ್ತಾರೆ.

ತುದಿಗಳೇ ಇಲ್ಲದ ಚೂರು ಸಿಕ್ಕರೆ ಕಣ್ಣು ಸೋಲುತ್ತದೆ, ಸೂಕ್ಷ್ಮದರ್ಶಕ ಬೇಕಾಗುತ್ತದೆ. ಮೂಳೆಯ ತೆಳು ಸೀಳನ್ನು ನೋಡಿದರೆ ಮನುಷ್ಯನದರಲ್ಲಿ ರಕ್ತನಾಳದ ನಾಲೆಗಳ ಸುತ್ತ ವೃತ್ತವೃತ್ತವಾದ ಪದರಗಳು ಚದುರಿಕೊಂಡಿರುತ್ತವೆ. ಇವನ್ನು 1691ರಲ್ಲಿ ವರ್ಣಿಸಿದ ಇಂಗ್ಲಿಷ್ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್‌ನ ಹೆಸರಲ್ಲೇ ಹ್ಯಾವರ್ಸಿಯನ್ ವ್ಯವಸ್ಥೆ ಎನ್ನುತ್ತಾರೆ. ಬೇಗ ಬೇಗ ಬೆಳೆಯುವ ದನ, ಕುರಿ, ಹಂದಿಗಳಲ್ಲಿ ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಸಾಲುಸಾಲು ರಚನೆ ಕಾಣುತ್ತದೆ. ಆ ಇಟ್ಟಿಗೆ ವಿನ್ಯಾಸ ಚೆನ್ನಾಗಿ ಕಂಡರೆ ಪ್ರಾಣಿಯದು ಎನ್ನಬಹುದು. ಕಾಣದಿದ್ದರೆ ಮನುಷ್ಯನದು ಎನ್ನುವಂತಿಲ್ಲ, ನಾಯಿ ಮತ್ತು ಕೋತಿಗಳಲ್ಲೂ ವೃತ್ತಗಳೇ ಹೆಚ್ಚು. ಉತ್ತರ ಒಂದು ದಿಕ್ಕಿನಲ್ಲಿ ಮಾತ್ರ ಖಚಿತ.

ಅದಕ್ಕೂ ಮುಂದೆ ಕೊಲಾಜನ್ ಪರೀಕ್ಷೆ ಮತ್ತು ಡಿಎನ್‌ಎ. ಮೂಳೆಯ ಕೊಲಾಜನ್ ಪ್ರೋಟೀನು ಪ್ರಾಣಿಯಿಂದ ಪ್ರಾಣಿಗೆ ಸ್ವಲ್ಪ ಬೇರೆ. ಅದನ್ನು ಒಡೆದು ತುಣುಕುಗಳ ತೂಕ ಅಳೆದರೆ ಯಾವ ಗುಂಪಿನ ಪ್ರಾಣಿ ಎಂದು ತಿಳಿಯುತ್ತದೆ. ಸೈಬೀರಿಯದ ಡೆನಿಸೋವಾ ಗುಹೆಯ 2,000ಕ್ಕೂ ಹೆಚ್ಚು ಗುರುತು ಸಿಗದ ಚೂರುಗಳನ್ನು ಹೀಗೆ ಸೋಸಿದಾಗ ಮನುಷ್ಯ ಕುಲದ್ದೆಂದು ಸಿಕ್ಕಿದ್ದು ಒಂದೇ, ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ್ದು. ಅದು ಒಬ್ಬ ಹುಡುಗಿಯದು. ತಾಯಿ ನಿಯಾಂಡರ್ತಲ್, ತಂದೆ ಡೆನಿಸೋವನ್ (ಎರಡೂ ಈಗ ಅಳಿದುಹೋದ ಮನುಷ್ಯ ಬಳಗಗಳು) ಎಂದು 2018ರಲ್ಲಿ ಡಿಎನ್‌ಎ ಹೇಳಿತು. ನಮ್ಮಲ್ಲಿ ಇಂಥ ಮೂಳೆಗಳು ವೈದ್ಯಕೀಯ ಕಾಲೇಜಿನ ವಿಧಿವೈದ್ಯ ವಿಭಾಗಕ್ಕೆ, ಅಲ್ಲಿಂದ ಅಗತ್ಯವಿದ್ದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಕಾಡುಪ್ರಾಣಿಯ ಅನುಮಾನವಿದ್ದರೆ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯ ಲ್ಯಾಕೋನ್ಸ್ ಪ್ರಯೋಗಾಲಯ ಡಿಎನ್‌ಎಯಿಂದ ಪ್ರಭೇದ ಹೇಳುತ್ತದೆ. ಪೂರ್ತಿ ಸುಟ್ಟು ಬೆಳ್ಳಗಾದ ಮೂಳೆಯಲ್ಲಿ ಮಾತ್ರ ಪ್ರೋಟೀನೂ ಡಿಎನ್‌ಎಯೂ ಉಳಿಯುವುದು ಅಪರೂಪ.

‘ಮನುಷ್ಯನದು’ ಎಂಬ ಉತ್ತರ ಬಂದ ಕೂಡಲೇ ಅಪರಾಧ ನಡೆದಿದೆ ಎಂದಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ನೀರಿಳಿದಾಗ ಸುಟ್ಟ ಮೂಳೆಯ ಚೂರು ಕಂಡರೆ ಅದು ಯಾರದೋ ಮನೆಯವರು ಬಿಟ್ಟ ಅಸ್ಥಿ. ಸ್ವಂತ ಹೊಲದಲ್ಲೇ ಹಿರಿಯರನ್ನು ಮಣ್ಣು ಮಾಡುವ ವಾಡಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಲಿಂಗಾಯತರ ಸಮಾಧಿಯಲ್ಲಿ ಅಸ್ಥಿಪಂಜರ ಕುಳಿತ ಭಂಗಿಯಲ್ಲಿರುತ್ತದೆ. ಅದು ಗೊತ್ತಿಲ್ಲದವರಿಗೆ ಯಾರೋ ಮುದುರಿ ತುರುಕಿದಂತೆ ಕಂಡೀತು. ಚಪ್ಪಡಿ ಕಲ್ಲುಗಳ ನಡುವೆ ಸಿಕ್ಕರೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಂಥ ಕಬ್ಬಿಣ ಯುಗದ ಕಲ್ಗೋರಿಯೂ ಇರಬಹುದು. ಹಳೆಯ ವೈದ್ಯರ ಮನೆಯ ಅಟ್ಟದಲ್ಲಿ ಸಿಗುವ ಬುರುಡೆಗೆ ತೂತು ಕೊರೆದು ತಂತಿ ಕಟ್ಟಿದ್ದರೆ, ವಾರ್ನಿಷ್ ಬಳಿದಿದ್ದರೆ ಅದು ಅಂಗರಚನಾಶಾಸ್ತ್ರ ಕಲಿಯಲು ಕೊಂಡದ್ದು.

ತಿರುಗುಮುರುಗಾಗಿಯೂ ಆಗುತ್ತದೆ. ಹಂಪಿ ಸಮೀಪದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ದಹನವಾದ ಜಾಗವೆಂದು ಜನ ತೋರಿಸುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮೊದಲ್ಗೊಂಡು ಬಳ್ಳಾರಿ ಸೀಮೆಯ ಇಂಥ ದಿಬ್ಬಗಳನ್ನು ಕೆದಕಿದವರಿಗೆ ಸಿಕ್ಕಿದ್ದು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿ, ದನದ ಮೂಳೆ. ‘ಪ್ರಾಣಿಯದು, ಬಿಡಿ’ ಎಂದು ಕೈತೊಳೆದುಕೊಳ್ಳುವುದೂ ಎಲ್ಲ ಕಡೆ ನಡೆಯದು. ಹುಲಿ, ಚಿರತೆ, ಕರಡಿಯ ಮೂಳೆಯನ್ನು ಮನೆಗೆ ಒಯ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದೇ ಅಪರಾಧ.

ಮೂಳೆ ಕಂಡವರು ಅದನ್ನು ಕೀಳದೆ, ತೊಳೆಯದೆ, ಇದ್ದಲ್ಲೇ ಬಿಟ್ಟು 112ಕ್ಕೋ ಹತ್ತಿರದ ಠಾಣೆಗೋ ತಿಳಿಸಬೇಕು. ಮೂಳೆ ಯಾವ ಪದರದ ಮಣ್ಣಿನಲ್ಲಿ, ಯಾವ ಭಂಗಿಯಲ್ಲಿ ಇತ್ತು ಎಂಬುದು ಮೂಳೆಯಷ್ಟೇ ಮುಖ್ಯ. ಬರಿಗೈಯಲ್ಲಿ ಮುಟ್ಟದಿರಲು ಬೇರೆ ಕಾರಣವೂ ಇದೆ: ಆಂಥ್ರಾಕ್ಸ್‌ನಿಂದ ಸತ್ತ ದನವನ್ನು ಹೂತ ಮಣ್ಣಿನಲ್ಲಿ ಅದರ ಬೀಜಾಣುಗಳು ದಶಕಗಟ್ಟಲೆ ಬದುಕಿರುತ್ತವೆ. ಗುರುತಿಗೆ ಫೋಟೋ ತೆಗೆಯುವುದಾದರೆ ಎರಡೂ ತುದಿ ಕಾಣಲಿ, ಪಕ್ಕದಲ್ಲಿ ಅಳತೆಗೊಂದು ಪೆನ್ನು ಇರಲಿ. ಮಳೆಯೋ ನಾಯಿಯೋ ಬಂದು ಎತ್ತಿಡಲೇಬೇಕಾಗಿ ಬಂದರೆ ಪ್ಲಾಸ್ಟಿಕ್ ಚೀಲ ಬೇಡ. ಅದರೊಳಗೆ ಒದ್ದೆ ಮೂಳೆಗೆ ಬೂಸಲು ಹಿಡಿದು ಡಿಎನ್‌ಎ ಕೆಡುತ್ತದೆ. ಕಾಗದದ ಚೀಲವೋ ರಟ್ಟಿನ ಪೆಟ್ಟಿಗೆಯೋ ಸಾಕು, ಸುತ್ತಲಿನ ಒಂದಿಷ್ಟು ಮಣ್ಣೂ ಅದರ ಜೊತೆಗೇ ಹೋಗಲಿ.