ಇಟಾಲಿಯನ್ ಕಲಿಕೆ ನಡುವೆಯೇ ನಿಂತಂತೆ ಅನಿಸುವುದೇಕೆ?

ಇಟಾಲಿಯನ್ ಕಲಿಯಲು ಶುರು ಮಾಡಿದವರಿಗೆ ಮೊದಲ ಕೆಲವು ತಿಂಗಳು ತುಂಬಾ ಖುಷಿ. ಊಟಕ್ಕೆ ಹೇಳಲು ಬರುತ್ತದೆ, ದಾರಿ ಕೇಳಲು ಬರುತ್ತದೆ. ಆಮೇಲೆ ಬಿ1 ಎನ್ನುವ ಮಧ್ಯಮ ಮಟ್ಟ. ಮದುವೆಯ ಮೂಲಕವೋ ಅಲ್ಲೇ ನೆಲೆಸಿಯೋ ಇಟಲಿಯ ಪೌರತ್ವ ಕೇಳುವವರು 2018ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಈ ಮಟ್ಟ ಮುಟ್ಟಿರಬೇಕು. ಇಲ್ಲಿಗೆ ಬಂದ ಮೇಲೆ ಎಷ್ಟು ಓದಿದರೂ ಮುಂದೆ ಹೋಗುತ್ತಿಲ್ಲ ಅನಿಸತೊಡಗುತ್ತದೆ. ಎಷ್ಟೋ ಜನ ಬೇಸತ್ತು ಬಿಟ್ಟೇಬಿಡುತ್ತಾರೆ. ಹಾಗೆ ಬಿಡುವ ಮೊದಲು ಇದರ ಹಿಂದಿನ ಲೆಕ್ಕ ನೋಡಬೇಕು.

ಇಟಲಿಯ ಭಾಷಾತಜ್ಞ ತುಲ್ಲಿಯೊ ದೆ ಮೌರೊ 1980ರಲ್ಲಿ ತಮ್ಮ ಭಾಷೆಯ ಮೂಲ ಪದಗಳ ಪಟ್ಟಿ ಪ್ರಕಟಿಸಿದರು. ಒಟ್ಟು ಸುಮಾರು 7000 ಪದ, ಮೂರು ಗುಂಪು. ಮೊದಲ ಗುಂಪಿನಲ್ಲಿರುವುದು 2000 ಪದ. ಜನರ ಮಾತು, ಬರಹದಲ್ಲಿ ಹೆಚ್ಚುಕಡಿಮೆ ಶೇಕಡಾ 90ರಷ್ಟು ಇವೇ. ಎರಡನೆಯ ಗುಂಪಿನಲ್ಲಿ ಸುಮಾರು 3000. ಅಷ್ಟನ್ನೂ ಕಲಿತರೆ ಸಿಗುವುದು ಶೇಕಡಾ 10ಕ್ಕಿಂತ ಕಡಿಮೆ! ದುಡಿಮೆ ಜಾಸ್ತಿ, ಗಳಿಕೆ ಕಡಿಮೆ. ಆದರೂ ಆ ಚೂರು ಬೇಕೇ ಬೇಕು. ಹತ್ತರಲ್ಲಿ ಒಂದು ಪದ ಗೊತ್ತಿಲ್ಲದಿದ್ದರೆ ಸಾಲು ಸಾಲಿಗೂ ಎಡವುತ್ತೇವೆ, ಅದೂ ಮುಖ್ಯವಾದ ಪದದಲ್ಲೇ.

ಮೂರನೆಯ ಗುಂಪು ನನಗೆ ಎಲ್ಲಕ್ಕಿಂತ ಇಷ್ಟ. ಕಾಲಿನ ಹೆಬ್ಬೆರಳಿಗೆ ಹೇಳುವ 'ಅಲ್ಲುಚೆ'ಯಂಥ ಪದಗಳು ಇಲ್ಲಿವೆ. ಬರಹದಲ್ಲಿ ಅಪರೂಪ, ಆದರೆ ಇಟಲಿಯವರಿಗೆಲ್ಲ ಗೊತ್ತು. ಬರೀ ಪತ್ರಿಕೆ ಓದಿ ಕಲಿಯುವವರಿಗೆ ಇವು ಸಿಗುವುದೇ ಇಲ್ಲ. ಅಡುಗೆ ವಿಡಿಯೊ, ಮಕ್ಕಳ ಕಥೆ, ಮನೆಮಾತುಗಳಲ್ಲೇ ಹುಡುಕಬೇಕು.

ಅಪರೂಪದ ಪದಕ್ಕೆ ಇನ್ನೊಂದು ಕಷ್ಟವಿದೆ: ಮತ್ತೆ ಎದುರಾಗುವಷ್ಟರಲ್ಲಿ ಮರೆತಿರುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹೊಸದಾಗಿ ಕಲಿತದ್ದು ಮೊದಮೊದಲು ಬಹಳ ಬೇಗ ಮರೆಯುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಕಂಡರೆ ಉಳಿಯುತ್ತದೆ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಓದುವ ಬದಲು ಕೆಲವು ವಾರ ಒಂದೇ ವಿಷಯ ಹಿಡಿದುಕೊಳ್ಳುವುದು ಒಳ್ಳೆಯದು. ಜಿರೊ ದಿತಾಲಿಯ ಸೈಕಲ್ ರೇಸಿನ ಸುದ್ದಿಯನ್ನೇ ದಿನಾ ಓದಿ. ಏರು, ಇಳಿಜಾರು, ಬ್ರೇಕು, ಬೀಳುವುದು, ಮುಂದಿನ ಹಂತ ಇವುಗಳ ಪದಗಳು ತಾವಾಗಿಯೇ ಮತ್ತೆ ಮತ್ತೆ ಬರುತ್ತವೆ.

ವ್ಯಾಕರಣದ ಮಾತು ಬೇರೆ. ನಮ್ಮಲ್ಲಿ ಬಹಳಷ್ಟು ಮಂದಿ ಇಟಾಲಿಯನ್ ಕಲಿಯುವುದು ಇಂಗ್ಲಿಷ್ ಪುಸ್ತಕದಿಂದ. ಅದು ಪುಟಗಟ್ಟಲೆ ವಿವರಿಸುವ ಕೆಲವು ಸಂಗತಿಗಳು ಕನ್ನಡದವರಿಗೆ ಸುಮ್ನೆ ಹೇಳಿದರೂ ಸಾಕು. 'ಮಿ ಪಿಯಾಚೆ' ಎಂದರೆ 'ನನಗೆ ಇಷ್ಟ', ಅದೇ ಜೋಡಣೆ. ಮಧ್ಯಮ ಮಟ್ಟದಲ್ಲಿ ಎಲ್ಲರನ್ನೂ ಕಾಡುವುದು ಎರಡು ಭೂತಕಾಲಗಳು. ಒಂದು, ನಡೆಯುತ್ತಿದ್ದ ಸ್ಥಿತಿಗೆ. ಇನ್ನೊಂದು, ನಡೆದು ಮುಗಿದ ಘಟನೆಗೆ. 'ಸಪೇವೊ' ಅಂದರೆ ನನಗೆ ಗೊತ್ತಿತ್ತು, 'ಒ ಸಪೂತೊ' ಅಂದರೆ ನನಗೆ ಗೊತ್ತಾಯಿತು. ಈ ವ್ಯತ್ಯಾಸ ಕನ್ನಡದಲ್ಲಿ ನಾವು ದಿನಾ ಮಾಡುವಂಥದ್ದೇ, ಅಲ್ವಾ? ಎಲ್ಲ ಕ್ರಿಯಾಪದಕ್ಕೂ ಇಷ್ಟು ನೇರವಾಗಿ ಹೊಂದುವುದಿಲ್ಲ, ನಿಜ. ಆದರೆ ಹಿಡಿದು ಮುಂದೆ ಹೋಗಲು ಒಂದು ದಾರಿ ಸಿಗುತ್ತದೆ.

ಕೇಳುವುದರಲ್ಲೂ ಕನ್ನಡದ ಕಿವಿಗೆ ಅನುಕೂಲವಿದೆ. 'ಸೇತೆ' ಎಂದರೆ ಬಾಯಾರಿಕೆ, 'ಸೆತ್ತೆ' ಎಂದರೆ ಏಳು. ಒತ್ತಕ್ಷರದ ಈ ಭೇದ ಇಂಗ್ಲಿಷರಿಗೆ ಎಷ್ಟೋ ಕಾಲ ಕೇಳಿಸುವುದೇ ಇಲ್ಲ. ಇಟಲಿಯ ರೇಡಿಯೊ ಕೇಳುತ್ತಾ ಹೊಸ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ನೋಡಿ. ದೀರ್ಘ, ಒತ್ತು ಎರಡೂ ಕಣ್ಣಿಗೆ ಕಾಣುತ್ತವೆ.